ಅತ್ತಿ ಸಾಲಿಗೆ ಹೊಂಟಾಳ

ಬೆಳಗಿನ ಬಾಂಗಿಗಿಂತ ಮೊದಲ
ಬೋರಿಂಗಿನ ಹಿಡಿಕಿ ಕೂಗತೈತಿ.
ಎರಡು ಕೊಡ ನಂದು, ಎರಡು ನೆಗೆಣ್ಣಿ ಮುಬಾರಕಾಳದು,
ಐದನೇದು ಯಾರದಂತ ದಿನಾ ಜಗಳ.
ಹದಿನೇಳು ವರ್ಷಾತು ಚಡಚಣ ಬಿಟ್ಟು
ಇಂದಾಪುರದ ಕಡೆ ಬಂದು.
ರೊಟ್ಟಿ ಹೋಗಿ ಭಾಕರಿ ಆತು, ಸಂತಿ ಹೋಗಿ ಬಾಜಾರ ಆತು,
ಎಣಿಕಿ ಮಾತ್ರ ಇನ್ನೂ ಕನ್ನಡದಾಗೇ ಬರತೈತಿ,
ಕೊಡಾ ಎಣಿಸಿದ್ರೂ, ಪಗಾರ ಎಣಿಸಿದ್ರೂ.

ಎಂಟಕ್ಕ ಟೆಂಪೋ.
ಪೇರಲ ತೋಟಕ್ಕ ಹನ್ನೆರಡು ಮಂದಿ ನಾವು,
ಒಂದೊಂದು ಕಾಯಿಗೂ ಫೋಮಿನ ಜಾಳಗಿ, ಮ್ಯಾಲ ಪ್ಲಾಸ್ಟಿಕ್ ಚೀಲ.
ಶಮಾಬಿ ಅಂತಾಳ, ನಮ್ಮ ಹುಡುಗೀರಿಗೂ ಹಿಂಗೇ,
ದೊಡ್ಡಾಕಿ ಆದ ದಿನದಿಂದ ಒಂದು ಜಾಳಗಿ, ಒಂದು ಚೀಲ.
ನಗತೀವಿ.
ಮುಕಾದಮ ಹೊಳ್ಳಿ ನೋಡಿದ ಕೂಡಲೆ
ಓಢಣಿ ಬಾಯಿಗೆ ಬರತೈತಿ.

ಉಜ್ಮಾ ಏಳನೇತ್ತೆ ಮುಗಿಸಿದ್ಲು.
ಎಂಟನೇತ್ತೆ ನೀರಿನ ಆಚಿ ದಂಡಿಗೆ ಐತಿ,
ಉಜನಿಯ ಹಿನ್ನೀರು, ಲಾಂಚಿನಾಗ ಇಪ್ಪತ್ತು ನಿಮಿಷ.
ಅತ್ತಿ ಖೈರೂನ್‌ಬಿ ಅಡಕೊತ್ತು ಕೆಳಗಿಡದೇ ಅಂದ್ಲು,
"ಸಾಕು ಓದಿದ್ದು. ಲಾಂಚಿನಾಗ ಗಂಡಸರು ಕೂಡತಾರ."
ಇವರು ಸುಮ್ಮಗ ಚಪ್ಪಲಿ ಹುಡುಕಿದ್ರು.
ನಾ ಹಿಟ್ಟು ನಾದಿದೆ.
ಎಷ್ಟು ನಾದಿದೆ ಅಂದ್ರ
ಅವತ್ತಿನ ಭಾಕರಿ ಒಂದೂ ಹರೀಲಿಲ್ಲ.
ಉಜ್ಮಾನೇ ಅಂದ್ಲು, "ಹಂಗಾರ ನೀನೇ ಬಾ ದಾದಿ, ಕಾವಲಿಗೆ."

ಮರುದಿನ ಮುದುಕಿ ಬುರ್ಖಾ ಝಾಡಿಸಿ
ಎಲಿಸಂಚಿ ಬಗಲಾಗಿಟ್ಟು ದಂಡಿಗೆ ನಿಂತಿದ್ಲು.
ಟಿಕೀಟಿಗೆ ವಾದ ಹಾಕಿ ಗೆದ್ದೂ ಬಿಟ್ಲು:
"ಸಾಲಿ ಮಂದಿಗೆ ಅರ್ಧಾ ಅಂದ್ರ ಅರ್ಧಾ.
ನಾ ಎಲ್ಲಿಗೆ ಹೊಂಟೀನಿ ಮತ್ತ?"

ಸಂಜಿಗೆ ಉಜ್ಮಾ ಹೇಳಿದ್ದಿದು.
ನಡು ನೀರಿನಾಗ ದಾದಿ ಎದ್ದು ನಿಂತ್ಲು.
ಬೀಳತೀ ಮುದುಕೀ ಅಂತ ಪೋಪಟ್ ಒದರಿದ.
"ಇಂಜಿನ್ ಬಂದ್ ಮಾಡು" ಅಂದ್ಲು.
ಬಂದ್ ಆತು.
ಎರಡೂ ಅಂಗೈ ಬಿಚ್ಚಿ, ತುಟಿ ಅಲುಗಿಸಿ,
ಮಾರಿ ಒರಸಿಕೊಂಡು ಕುಂತ್ಲು.
ಸಾಲಿ ಮುಂದಿನ ಬೇವಿನ ಬುಡಕ್ಕ ಬಂದ ಮ್ಯಾಲೇ ಬಾಯಿ ಬಿಟ್ಟಿದ್ದು:
"ಕೆಳಗ ನಮ್ಮ ಹಳೇ ಊರು.
ಹುಣಸಿ ಗಿಡದ ಬಲಕ್ಕ ನನ್ನ ಅಮ್ಮಾ ಮಲಗ್ಯಾಳ."

ಊರು ನೀರಿನ ಮ್ಯಾಲಿದ್ದಾಗ
ಆ ಗೋರಿ ತನಕಾ ಆಕಿ ಹೋದಾಕಿ ಅಲ್ಲ.
ಹೆಂಗಸರು ಖಬರಸ್ತಾನಕ್ಕ ಬರಬಾರದು ಅಂತ
ಗ್ವಾಡಿ ಆಚಿ ನಿಂತಿದ್ಲಂತ, ಹನ್ನೊಂದು ವರ್ಷದ ಹುಡುಗಿ.
ಮಣ್ಣು ಎಳೆಯೂ ಸಪ್ಪಳ ಅಷ್ಟೇ ಕೇಳಿದ್ಲಂತ.
ಈಗ ಗ್ವಾಡಿನೂ ಮುಳುಗೇತಿ, ಬಾಗಲಾನೂ ಮುಳುಗೇತಿ.
ನೀರಿಗೆ ಯಾರು ಕೀಲಿ ಹಾಕ್ಯಾರು?

ಪೋಪಟ್ ಈಗ ಕೇಳೂದಿಲ್ಲ,
ಆ ಜಾಗಾ ಬಂದ್ರ ತಾನೇ ಇಂಜಿನ್ ಆರಸತಾನ.
ಮೀನದ ಬುಟ್ಟಿ ಹೆಂಗಸರು, ಮೊಬೈಲ್ ಹಿಡದ ಹುಡುಗರು,
ಅಡ್ಡ ನಿಂತ ಒಂದು ಮೋಟಾರ್ ಸೈಕಲ್ಲು,
ಎಲ್ಲಾ ಒಂದು ನಿಮಿಷ ತೂಗತಾವ.
ಅಷ್ಟರಾಗ ಉಜ್ಮಾ
ಉಳದ ಎರಡು ಗಣಿತ ಬಿಡಸಿ ಬಿಡತಾಳ.

ಸಾಲಿ ಒಳಗ ಏನು ಕಲಸತಾರ, ಅತ್ತಿ ಕೇಳಿಲ್ಲ.
ಬೇವಿನ ಕೆಳಗ ಕೌದಿ ಹೊಲೀತಾಳ, ಮಾಸ್ತರರ ಪಾಲಿನ ಚಹಾ ಕುಡೀತಾಳ.
ಹುಡುಗಿಗೆ ಜ್ವರ ಬಂದ ದಿನ ನನ್ನ ಮ್ಯಾಲೇ ಸಿಟ್ಟು:
ರಾತ್ರಿ ಮೊಸರು ಯಾಕ ಕೊಟ್ಟಿ?

ದೀಪಾವಳಿ ಸೂಟಿ ಬಿತ್ತು.
ಮೂರನೇ ದಿನ ನಾ ಟೆಂಪೋ ಇಳದು ಬರೂದ್ರಾಗ
ಮುದುಕಿ ಕಟ್ಟಿ ಮ್ಯಾಲ,
ಬುರ್ಖಾ ಹಾಕ್ಕೊಂಡೇ, ಬಗಲಾಗ ಸಂಚಿ.
"ಈ ಸರಕಾರದವರಿಗೆ ಬುದ್ಧಿ ಇಲ್ಲ" ಅಂದ್ಲು,
"ಹುಡುಗೀರ ಓದಿಗೆ
ಇಷ್ಟು ದಿನಾ ಸೂಟಿ ಕೊಡತಾರೇನು?"