ಕಿತ್ತಳೆ ಮುಳ್ಳು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ಪೋಕರ್ ಕಾಕನ ವಾಚು ರಿಪೇರಿ ಅಂಗಡಿ.
ಗೋಡೆಯ ಹದಿನೇಳು ಗಡಿಯಾರಕ್ಕೆ ಹದಿನೇಳು ಹೊತ್ತು;
ಸರಿಯಾದದ್ದು ಬೇಕೆಂದರೆ ಬಾಂಗಿಗೆ ಕಾಯಬೇಕು.

ಅಲ್ಲಿ ಮೇಜಿನ ಕೆಳಗೆ ಗೋಣಿ ಹೊದ್ದು
ಕೂತಿತ್ತು ಗ್ರಾಮಫೋನು.
ಅಮ್ಮತ್ತಿ ಕಡೆಯ ಬಂಗಲೆಯ ಹರಾಜಿನಲ್ಲಿ
ಕಾಕ ಕೂಗಿದ್ದು ಲೋಲಕದ ಗಡಿಯಾರಕ್ಕೆ,
ಜೊತೆಗೆ ಬಿತ್ತು ಇದು, ಹನ್ನೊಂದು ಪ್ಲೇಟು ಸಮೇತ.
"ಬೇಡ ಅನ್ನಲು ನಾಲಗೆ ಏಳಲಿಲ್ಲ ಟೀಚರೇ."

ಎತ್ತಿಕೊಂಡರೆ ಹೆಂಚಿನ ಭಾರ.
ಅರಗು, ಅಂದರು ಕಾಕ. ಮರ ಕುಡಿದ ಹುಳು ಉಗುಳಿದ್ದು.
ಆ ವಾರವಷ್ಟೇ ಏಳನೇ ಕ್ಲಾಸಿಗೆ ಪಾಠ ಮಾಡಿದ್ದೆ
ಅರಗಿನ ಮನೆ: ಒಳಗೆ ಐವರು, ಒಬ್ಬ ತಾಯಿ, ಹೊರಗೆ ಕಾದಿದ್ದ ಬೆಂಕಿ.
ಅವರೇನೋ ಸುರಂಗ ಹಿಡಿದು ತಪ್ಪಿಸಿಕೊಂಡರು.
ಇದರೊಳಗಿನವಳು ಇನ್ನೂ ತೋಡುತ್ತಿದ್ದಾಳೆ
ಸುತ್ತಿ ಸುತ್ತಿ, ಒಳಗೊಳಗೆ,
ನಡುವಿನ ತೂತಿನ ಕಡೆಗೆ.

ಲೇಬಲ್ಲು ಹುಳ ತಿಂದಿತ್ತು.
ಉಳಿದದ್ದು ಒಂದು ನಾಯಿಯ ಬಾಲ, ಅರ್ಧ ಕೊಂಬು.
ಹಾಡಿದ್ದು ಯಾರು, ಯಾವೂರು, ಯಾವ ರಾಗ?
ಕಾಕನಿಗೆ ರಾಗದ ಹೆಸರು ಗೊತ್ತಿಲ್ಲ, ತಾವೇ ಇಟ್ಟಿದ್ದಾರೆ:
ಒಂದು 'ಮಗ್ರಿಬ್ ಕಳೆದದ್ದು',
ಒಂದು 'ಜ್ವರ ಬಿಟ್ಟ ಬೆಳಗು',
ಪಿಟೀಲಿನದು 'ಬೀವಾತು ಮುನಿದದ್ದು'.
ಎಂಟು ವರ್ಷ ಪಾಠ ಹೇಳಿಸಿಕೊಂಡವಳು ನಾನು,
ಮೊದಲನೆಯದು ಕಲ್ಯಾಣಿ ಎಂದು ತಿದ್ದಲು ಬಾಯಿ ತೆರೆದೆ.
ಹೊರಗೆ ಕತ್ತಲಾಗುತ್ತಿತ್ತು. ಮಗ್ರಿಬ್ ಕಳೆದಿತ್ತು.
ತಿದ್ದಲಿಲ್ಲ.

ಗಡಿಯಾರದ್ದೂ ಮುಳ್ಳೇ, ಪ್ಲೇಟಿನದ್ದೂ ಮುಳ್ಳೇ.
ಮೊದಲನೆಯದು ಅಂಗಡಿ ತುಂಬ ಇತ್ತು,
ಎರಡನೆಯದರ ಡಬ್ಬಿ ಖಾಲಿಯಾಗಿ ವರ್ಷ.
ಕೊನೆಗೆ ಮಸೀದಿ ಹಿಂದಿನ, ಎಲೆ ಹಳದಿಗಟ್ಟಿದ ಕಿತ್ತಳೆ ಗಿಡದಿಂದ
ಒಂದನ್ನು ಮುರಿದು ತಂದು, ಬಿಸಿಲಿಗಿಟ್ಟು,
ವಾಚಿನ ಅರದಲ್ಲಿ ಮೊನೆ ಮಸೆದರು.
ಒಂದು ಮುಳ್ಳಿಗೆ ಒಂದು ಮಗ್ಗುಲು. ಆಮೇಲೆ ಅದು ಹಲ್ಲುಕಡ್ಡಿ.

ಮೊದಲು ಬರೀ ಸರಸರ,
ಕಣದಲ್ಲಿ ಯಾರೋ ಕಾಫಿ ಕೆದರಿದ ಹಾಗೆ.
ಆ ಕೆದರಿನ ಅಡಿಯಿಂದ ಎದ್ದಳು.
ಉಕ್ಕು ಚೀರಿಸುತ್ತಿದ್ದವಳನ್ನು ಮುಳ್ಳು ಮೆಲ್ಲನೆ ಮಾತಾಡಿಸಿತು.
ಮೂರು ನಿಮಿಷ ಚಿಲ್ಲರೆ, ಅಷ್ಟೇ ಜಾಗ:
ಬಸ್ಸು ಹೊರಡುವ ಮೊದಲು ಊಟ ಮುಗಿಸುವವರ ಹಾಗೆ
ರಾಗವನ್ನೆಲ್ಲ ಉಂಡಳು,
ಒಂದಗುಳೂ ಚೆಲ್ಲದೆ.

ಆಗಿನವರು ಹಾಗೆ ಮಾಡುತ್ತಿದ್ದರಂತೆ,
ಹಾಡು ಮುಗಿಸಿ ತನ್ನ ಹೆಸರು ತಾನೇ ಹೇಳುತ್ತಾಳೆ.
ಅಲ್ಲೇ ಗೀರು.
ಉಕ್ಕು ಇದ್ದಾಗ ಪ್ರತಿ ಸಲ ಅಲ್ಲೇ ಜಾರುತ್ತಿತ್ತಂತೆ,
"ಮೈ ನೇಮ್ ಈಸ್" ಅಂದವಳು ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ.

ಕಿತ್ತಳೆ ಮುಳ್ಳು ಜಾರಲಿಲ್ಲ.
ಗೀರು ಹತ್ತಿತು, ಇಳಿಯಿತು.
ಇಬ್ಬರೂ ಕೊಂಬಿನೊಳಗೆ ಕಿವಿ ಇಟ್ಟಿದ್ದೆವು,
ಕಾಕನ ಟೋಪಿ ನನ್ನ ಹಣೆಗೆ ತಾಗುವಷ್ಟು.
ಆಗ ಗೋಣಿಕೊಪ್ಪದ ಬಸ್ಸು
ತಿರುವಿನಲ್ಲಿ ಹಾರನ್ನು ಒತ್ತಿತು.

ಕೊನೆಯ ಅಕ್ಷರ ಮಾತ್ರ ಸಿಕ್ಕಿದ್ದು.
'ಲಾ' ಅಂದೆ ನಾನು.
'ನಾ' ಅಂದರು ಕಾಕ.
ಇನ್ನೊಂದು ಸಲ? ಮಸೂರ ಕಣ್ಣಿಗೇರಿಸಿ ಮೊನೆ ನೋಡಿದರು.
ಮೊಂಡು.
ನಾಳೆ ಬಾ, ಬೇರೆ ತರುತ್ತೇನೆ.

ನಾಳೆಗೆ ಗಿಡ ಇರಲಿಲ್ಲ.
ಆ ಜಾಗದಲ್ಲಿ ಎರಡು ಬೈಕು ನಿಂತಿದ್ದವು.
ಕೊಂಬೆ ಯಾರ ಒಲೆಗೆ ಹೋಯಿತೋ
ಕೇಳುತ್ತಾ ಮೂರು ಬೀದಿ ಅಲೆದೆವು, ಪೊಲೀಸಿನವರ ಹಾಗೆ.

ಈಗ ಬೆಳಿಗ್ಗೆ ಹಾಜರಿ ಕರೆಯುವಾಗ
ಫಸೀಲಾ, ಭಾವನಾ, ತಸ್ಲೀನಾ,
ಹೆಸರಿನ ಬಾಲದಲ್ಲಿ ತುಸು ತಡೆಯುತ್ತೇನೆ.
ಇದ್ದೇನೆ ಟೀಚರ್, ಇದ್ದೇನೆ ಟೀಚರ್ ಎನ್ನುತ್ತಾ ಬಂದು
ಕಂಪಾಸು ಪೆಟ್ಟಿಗೆ ತೆರೆದು ಮೇಜಿನ ಮೇಲಿಡುತ್ತಾರೆ
ನಿಂಬೆ, ಕಾರೆ, ಬಿದಿರು.
ನಿಂಬೆಯದು ಗೀರು ದಾಟುವುದಿಲ್ಲ.
ಕಾರೆ ಅಲ್ಲಿಯತನಕ ಬರುವುದೇ ಇಲ್ಲ.
ಬಿದಿರನ್ನು ಕಾಕ
ಇನ್ನೂ ಮಸೆಯುತ್ತಿದ್ದಾರೆ.