ಕೆಳಗಿನ ಸಾಲು

ಕೋಲಾರದ ಮಂಡಿಯಲ್ಲಿ ನನ್ನ ಕೆಲಸಕ್ಕೆ
ಮುಖ ಕಟ್ಟುವುದು ಅಂತಾರೆ.
ಹದಿನೈದು ಕೇಜಿ ಟೊಮ್ಯಾಟೊ ಕ್ರೇಟು.
ಅಡಿಗೆ ಬಿರಿದದ್ದು, ಹುಳ ಮೂಸಿದ್ದು,
ನಡುವೆ ದೋರೆಗಾಯಿ,
ಮೇಲೊಂದು ಸಾಲು ಮಾತ್ರ
ಮದುವೆಹೆಣ್ಣಿನ ಕೆನ್ನೆಯಂಥದ್ದು,
ಸೆರಗಿನಲ್ಲಿ ಒರೆಸಿ, ತೊಟ್ಟು ಕೆಳಗೆ ಮಾಡಿ.
ಹತ್ತೊಂಬತ್ತು ವರ್ಷ. ಕಣ್ಣು ಕಟ್ಟಿದರೂ ಕೈ ತಪ್ಪುವುದಿಲ್ಲ.

ಭಾನುವಾರ ಅದೇ ಕೈ ಜೋಡಿಸಿಕೊಂಡು
ಮೂರನೇ ಬೆಂಚಿನಲ್ಲಿ ಮೊಣಕಾಲೂರುತ್ತೇನೆ.
ಪಾಪನಿವೇದನೆಗೆ ಪಾಲಕರು ಬಿಡುವ ಮೌನ
ಒಂದು ಗುಟುಕು ನೀರಿನಷ್ಟು.
ಅಷ್ಟರಲ್ಲೇ ಆರಿಸಬೇಕು:
ಪ್ರಸಂಗದಲ್ಲಿ ತೂಕಡಿಸಿದ್ದು, ಮಗನ ಮೇಲೆ ರೇಗಿದ್ದು,
ಚೀಟಿಯವಳಿಗೆ ಮನೆಯಲ್ಲಿಲ್ಲ ಅನ್ನಿಸಿದ್ದು.
ಒರೆಸಿ ಒರೆಸಿ ಇಡುತ್ತೇನೆ ನಿನ್ನೆದುರು
ಚೆಲುವಾದ ಪಾಪಗಳ ಒಂದು ಸಾಲು.
ಪೆರ್ಸಿಸಳ ಹೆಸರು ಅಡಿಯಲ್ಲೇ.

ಪೆರ್ಸಿಸ್ ನನ್ನ ನಾದಿನಿ.
ನಮ್ಮವರು ಮಿಷನ್ ಆಸ್ಪತ್ರೆಯಲ್ಲಿ
ಇಪ್ಪತ್ತಾರು ದಿನ ಮಲಗಿ ಸತ್ತರು.
ಒಡಹುಟ್ಟಿದ ಅಣ್ಣನಿಗೆ
ಒಂದು ಲೋಟ ಗಂಜಿ ತರಲಿಲ್ಲ ಅವಳು.
ಗೇಟಿನ ಎದುರೇ ಮನೆ.

ಕ್ಷಮಿಸಿದ್ದೇನೆ. ಲೆಕ್ಕವಿಲ್ಲದಷ್ಟು ಸಲ.
ಪ್ರಭುಭೋಜನದ ರೊಟ್ಟಿ ನಾಲಿಗೆಯ ಮೇಲೆ ಕರಗುವ ತನಕ
ಖಂಡಿತ ಕ್ಷಮಿಸಿರುತ್ತೇನೆ.
ಮೆಟ್ಟಿಲಿಳಿಯುವಾಗ
ಅವಳ ಹೊಸ ಸೀರೆಯ ಸರಸರ ಕೇಳಿತೋ
ಕಡಿದ ನೀಲಗಿರಿ ಬೊಡ್ಡೆ, ಒಂದೇ ಮಳೆಗೆ
ಏಳು ಕವಲು.

ಲೆಂಟಿನ ಎರಡನೇ ವಾರ
ಸುದ್ದಿ ತಂದವನು ತಕ್ಕಡಿ ಹುಡುಗ ನಯಾಜ್:
'ನಿಮ್ಮ ನಾದಿನೀಗೆ ಶುಗರ್ ಜಾಸ್ತಿಯಾಗಿ
ಬಲಗಾಲಿನ ಎರಡು ಬೆರಳು ತೆಗೆದರಂತೆ.'
ಅಯ್ಯೋ ಅಂದೆ.
ನಿಜ ಹೇಳುತ್ತೇನೆ ಸ್ವಾಮೀ, ಬೇರೆ ಯಾರಿಗೆ ಹೇಳಲಿ,
ಅಯ್ಯೋ ಅನ್ನುವುದಕ್ಕೆ ಮುಂಚೆ,
ಒಂದು ಹಣ್ಣು ಕೈಯಿಂದ ಕೈಗೆ ಬರುವಷ್ಟು ಹೊತ್ತು,
ಒಳಗೆ ಯಾರೋ ನಕ್ಕರು.
ನನ್ನ ಹಲ್ಲೇ. ನನ್ನ ಗಂಟಲೇ.

ಹರಾಜು ಕೂಗುತ್ತಿತ್ತು, ಮುನ್ನೂರ ಹತ್ತು, ಮುನ್ನೂರ ಇಪ್ಪತ್ತು.
ಮುಂದಿದ್ದ ಕ್ರೇಟನ್ನು ಬೋರಲು ಹಾಕಿದೆ.
ಅಡಿಯದು ಮೇಲೆ ಬಂತು, ರಸ ಸೋರಿ, ನೊಣ ಮುತ್ತಿ.
'ತಲೆ ಕೆಟ್ಟಿದೆಯೇನಮ್ಮಾ?' ದಲಾಲಿ ಚೌಡಪ್ಪ ಬೈದ.
ಕೆಟ್ಟದ್ದು ಎಲ್ಲಿ ಅಂತ ಅವನಿಗೆ ಹೇಳಲು ಹೋಗಲಿಲ್ಲ.

ಸಂಜೆ ರಾಗಿ ಗಂಜಿ ಕಾಯಿಸಿ
ಕ್ಯಾರಿಯರನ್ನು ಟವೆಲಿನಲ್ಲಿ ಸುತ್ತಿ ನಡೆದೆ.
ದಾರಿಯುದ್ದಕ್ಕೂ ಒಬ್ಬಳು ಹಿಂದೆಯೇ ಬಂದಳು
ಸಾಕ್ಷಿ ಹೇಳುತ್ತಾ:
ನೋಡಿ, ತರದೇ ಇದ್ದವಳಿಗೆ ತಂದುಕೊಟ್ಟವಳು!
ಬುಧವಾರದ ಕೂಟಕ್ಕೆ ಮಾತು ಜೋಡಿಸುತ್ತಿದ್ದಳು,
ಎಲ್ಲಿ ದನಿ ನಡುಗಿಸಬೇಕೆಂದೂ ಗೊತ್ತಿತ್ತು ಅವಳಿಗೆ.
ಮತ್ತೆ ಮುಖ ಕಟ್ಟುತ್ತಿದ್ದೆ,
ಈ ಸಲ ನಿನ್ನ ಕೃಪೆಯನ್ನೇ ಒರೆಸಿ ಮೇಲಿಟ್ಟು.

ಕ್ಲಾಕ್ ಟವರಿನ ಬಳಿ ನಿಂತುಬಿಟ್ಟೆ.
ಹಿಂದಿರುಗಿದರೆ ಹಗೆ ಗೆಲ್ಲುತ್ತದೆ,
ಮುಂದೆ ಹೋದರೆ ಜಂಬ.
ಗಂಜಿ ಆರುತ್ತಿತ್ತು.
ನಾನು ಶುದ್ಧಳಾಗುವವರೆಗೆ ಕಾಯಲು
ಗಂಜಿಗೆಲ್ಲಿ ಪುರುಸೊತ್ತು?
ಹೋದೆ.

ಪೆರ್ಸಿಸ್ ಎರಡು ಗುಟುಕು ಕುಡಿದು
'ಉಪ್ಪು ಕಮ್ಮಿ' ಅಂದಳು.
ಕೇಳಿಸಿತು ನನಗೆ, ಬೊಡ್ಡೆಯಲ್ಲಿ ತೊಗಟೆ ಬಿರಿದ ಸದ್ದು.
ಹೊದಿಕೆಯ ಕೆಳಗೆ, ಬೆರಳಿಲ್ಲದ ಕಡೆ,
ಸ್ವಲ್ಪ ತಗ್ಗು.
ಪಕ್ಕದ ಹಾಸಿಗೆಯವರ ಹತ್ತಿರ ಚಿಟಿಕೆ ಉಪ್ಪು ಕೇಳಿ
ಹಾಕಿ, ಕದಡಿ, ಕೊಟ್ಟೆ. ಅಷ್ಟೇ.
ಕೂಟದಲ್ಲಿ ಹೇಳುವಂಥದ್ದೇನೂ ಆಗಲಿಲ್ಲ.

ಈಗ ಬೆಳಗಿನ ನಾಲ್ಕು.
ಮುಳಬಾಗಿಲ ಕಡೆಯಿಂದ ಗಾಡಿಗಳು ಬರುತ್ತಿವೆ.
ಮೊದಲ ಕ್ರೇಟಿಗೇ
ಕೈ ತಾನಾಗಿ ಒಳ್ಳೆಯದನ್ನು ಮೇಲಕ್ಕೆ ಹುಡುಕುತ್ತಿದೆ.
ಮೇಲಿನ ಸಾಲು ನೋಡಿ ಕೊಂಡವನಲ್ಲ ನೀನು.
ಅಡಿಯವರೆಗೆ ಕೈಯಿಳಿಸಿ, ಕೊಳೆತದ್ದನ್ನು ಮುಟ್ಟಿಯೂ
ಬೆಲೆ ಇಳಿಸದೆ ಕೊಟ್ಟವನು.
ಆ ಕೈ ತೆಗೆಯಬೇಡ.
ಇವತ್ತೂ ಬೇಕಾಗುತ್ತದೆ,
ಬಹುಶಃ ಆರು ಗಂಟೆಯೊಳಗೇ.