ಮೂವತ್ತೆರಡನೇ ಪುಟ

ರದ್ದಿ ಕಟ್ಟಿನಲ್ಲಿ ಸಿಕ್ಕಿತು ರಟ್ಟಿಲ್ಲದ ಪುಸ್ತಕ:
ಇಟಲಿಯಲ್ಲಿ ಹೆಣ್ಣನ್ನು ಕಾಫಿಗೆ ಕರೆಯುವುದು ಹೇಗೆ.
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಗೆ ಕೆಮ್ಮುತ್ತ
ನಾನು, ದಾದಾಪೀರ, ನಲವತ್ತೊಂದು ವಯಸ್ಸು,
ಅಕ್ಷರ ಕೂಡಿಸಿ ಓದಿದೆ.

'ಸ್ತಾಸೇರಾ' ಅಂದರೆ ಇವತ್ತು ಸಂಜೆ.
ಸೇರು ಗೊತ್ತು ನನಗೆ, ಅಳೆದು ಸುರಿಯುವವನು;
ಸೇರುವುದು ಗೊತ್ತಿಲ್ಲ.
'ಚೀ ವೆದಿಯಾಮೊ' ಅಂದರೆ ಭೇಟಿಯಾಗೋಣ.
ಚೀ ಅಂತಲೇ ಶುರುವಾಗುವ ಕರೆ!
ಭಟ್ಟಿ ಹುಡುಗರು ನಕ್ಕರು,
ಕಾದ ಮರಳಲ್ಲಿ ಅಕ್ಕಿಯೂ ನಕ್ಕಿತು, ಪಟಪಟ.

ದಿನಕ್ಕಿಷ್ಟು ಹಾಳೆ ಪೊಟ್ಟಣವಾಗಿ ಹೋದವು.
'ಕ್ಷಮಿಸಿ, ನನಗೆ ಮದುವೆಯಾಗಿದೆ' ಎಂಬುದರಲ್ಲಿ
ಪಿ.ಬಿ. ರಸ್ತೆಯ ಲಾರಿ ಡ್ರೈವರ್ ಒಬ್ಬ
ಖಾರ ಮಂಡಕ್ಕಿ ಕಟ್ಟಿಸಿಕೊಂಡು ಹುಬ್ಬಳ್ಳಿ ಕಡೆ ಹೊರಟ.

ಎದುರು ಅಂಗಡಿಯಲ್ಲಿ ಸೀರೆಗೆ ಫಾಲ್ ಹಾಕುವ
ಮೆಹರುನ್ನಿಸಾಗೆ ಅಂತ
ಮೂವತ್ತೆರಡನೇ ಪುಟ ಎತ್ತಿಟ್ಟಿದ್ದೆ.
ಎರಡು ಮಿರ್ಚಿ ಹೆಚ್ಚಿಗೆ ಇಟ್ಟು, ದಾರ ಸುತ್ತಿ ಕೊಟ್ಟೆ.
ಬಾಯಲ್ಲಿ ಬಂದದ್ದು ಮಾತ್ರ
ಉರ್ದುವಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ:
ಚಿಲ್ಲರೆ ಇಲ್ಲ.

ಮರುದಿನ ಬಂದಳು.
ಎಣ್ಣೆ ಕುಡಿದು ಆಚೆಬದಿ ಕಾಣುವಂತಾಗಿದ್ದ ಹಾಳೆಯನ್ನು
ನಾಲ್ಕು ಮಡಿಕೆ ಮಡಿಸಿ
ಗಲ್ಲಾಪೆಟ್ಟಿಗೆಯ ಮೇಲಿಟ್ಟು ಕೇಳಿದಳು:
"ಉತ್ತರದ ಪುಟ
ಯಾರಿಗೆ ಕಟ್ಟಿಕೊಟ್ರಿ?"